ಕಡಸಿನ ಪುಡಿ

ಹನಕೆರೆ, ಜೂನ್ 9, 2024

ಇವತ್ತು ಟೇಪು ಹಿಡಿದು ಅಳೆದೆ. ಚುಕ್ಕಿಯ ಎದೆಯ ಸುತ್ತಳತೆ ಹೋದ ತಿಂಗಳಿಗಿಂತ ನಾಲ್ಕು ಬೆರಳು ಹೆಚ್ಚಿದೆ. ಬೆಳ್ಳಿಯದು ಮೂರು. ಭ್ರಮೆಯಲ್ಲ, ಎರಡು ಸಲ ಅಳೆದೆ. ಎರಡನೆಯ ಸಲ ಅರ್ಪಿತಳನ್ನು ಕರೆದು ಅವಳ ಕೈಲಿ ಓದಿಸಿದೆ. ಒಂಬತ್ತನೇ ತರಗತಿಯ ಹುಡುಗಿಗೆ ಕಡಸಿನ ಎದೆ ಅಳೆಯುವುದೆಂದರೆ ಅವಮಾನ. "ಅಮ್ಮ, ನಿಂಗೆ ಇವೇ ಮಕ್ಕಳು ಬುಡು" ಅಂತ ಟೇಪನ್ನು ನನ್ನ ಕೊರಳಿಗೆ ಸುತ್ತಿ ಹೋದಳು.

ಪುಡಿ ಕೆಲಸ ಮಾಡುತ್ತಿದೆ. ಮದ್ದೂರಿನ ಫೀಡ್ ಅಂಗಡಿಯವನು ಹೇಳಿದ್ದು ಸುಳ್ಳಾಗಲಿಲ್ಲ. ಬೂಸಾ, ಹಿಂಡಿ ಹಾಕುವಷ್ಟೇ ಹಾಕಿ, ಇದೊಂದು ಚಿಟಿಕೆ ಬೆರೆಸಿ, ತಿಂದದ್ದೆಲ್ಲ ಮೈಗೆ ಹತ್ತುತ್ತೆ ಅಂದಿದ್ದ. ದೊಡ್ಡ ಚೀಲದಿಂದ ತೋಡಿ ಬಿಳಿ ಡಬ್ಬಿಗೆ ತುಂಬಿ ಕೊಟ್ಟ. ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ ಏನೋ ಅಂದ, ನಾಲಗೆ ತಿರುಗಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕೆ ಪುಡಿ ಅಂತಲೇ ಹೆಸರು.

ಚುಕ್ಕಿ ಗಬ್ಬವಾಗಿ ಈಗ ಮೂರು ತಿಂಗಳು ತುಂಬಿದೆ. ಡಿಸೆಂಬರಿನಲ್ಲಿ ಮೊದಲ ಕರು. ಬೆಳ್ಳಿ ಇನ್ನೂ ಬೆದೆಗೆ ಬಂದಿಲ್ಲ. ಬರುತ್ತಾಳೆ. ಎರಡೂ ಹಾಲು ಕರೆಯಲಿ, ವೀಣಳಿಗೆ ಉತ್ತರ ಕೊಡುತ್ತೇನೆ.

ಜೂನ್ 23

ವೀಣ ಬಂದಿದ್ದಳು, ಕೆರಗೋಡಿನಿಂದ. ನನ್ನ ಮೈದುನನ ಹೆಂಡತಿ. ಹೋದ ಯುಗಾದಿಯಲ್ಲಿ ಇಡೀ ಸಂಸಾರದ ಎದುರಿಗೆ, "ರೂಪಕ್ಕನ ಕೊಟ್ಟಿಗೇಲಿ ಅಸ ಅವೆ, ಆಲು ಮಾತ್ರ ಪಾಕೀಟಲ್ಲಿ ಬತ್ತದೆ" ಅಂದವಳು. ಆಗ ನಮ್ಮ ಹಳೆಯ ಹಸು ಬತ್ತಿಹೋಗಿತ್ತು. ಎಲ್ಲರೂ ನಕ್ಕರು. ನನ್ನ ಗಂಡ ಸ್ವಾಮಿಯೂ ನಕ್ಕರು. ಆ ನಗು ನನಗೆ ಇನ್ನೂ ಕಿವಿಯಲ್ಲಿದೆ.

ಇವತ್ತು ನೇರ ಕೊಟ್ಟಿಗೆಗೇ ಕರೆದುಕೊಂಡು ಹೋದೆ. ಕಾಫಿ ಆಮೇಲೆ ಕೊಟ್ಟೆ. ಚುಕ್ಕಿಯ ಬೆನ್ನ ಮೇಲೆ ಕೈ ಆಡಿಸಿ, "ಏನಕ್ಕ ಇದು, ಎಣ್ಣೆ ಅಚ್ಚಿದ್ದೀಯಾ?" ಅಂದಳು. ಮೈ ಅಷ್ಟು ಹೊಳೆಯುತ್ತಿತ್ತು.

"ಸುಮ್ನೆ ಉಲ್ಲು ಹಾಕ್ತೀನಿ ಕಣಮ್ಮ" ಅಂದೆ. ಪುಡಿಯ ಮಾತು ಎತ್ತಲಿಲ್ಲ.

ಜುಲೈ 11

ಆಷಾಢ. ಊರಲ್ಲಿ ಮದುವೆಯಿಲ್ಲ, ಮರಿಸಿದ್ದಯ್ಯನವರಿಗೆ ಕೆಲಸವಿಲ್ಲ. ನಮ್ಮ ಹಿತ್ತಲಿಗೆ ಅಂಟಿಕೊಂಡೇ ಅವರ ಮನೆ. ಮೊದಲು ಮಂಡ್ಯದಲ್ಲಿ ಜಟಕಾ ಓಡಿಸುತ್ತಿದ್ದರಂತೆ. ಜಟಕಾ ಹೋಯಿತು, ಕುದುರೆ ಉಳಿಯಿತು. ಈಗ ಇರುವುದು ಸಿಂಗಾರಿ ಎಂಬ ಬಿಳಿ ಹೆಣ್ಣುಕುದುರೆ. ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಗಂಡುಗಳು ಅದರ ಮೇಲೆ ಕುಳಿತು ಛತ್ರಕ್ಕೆ ಹೋಗಿದ್ದಾರೆ.

ಸಾಯಂಕಾಲ ಸಿಂಗಾರಿಯನ್ನು ಹಿಡಿದುಕೊಂಡು ನಮ್ಮ ಬೇಲಿಯ ಹತ್ತಿರ ನಿಂತರು. ಪಕ್ಕೆಯ ಎಲುಬು ಕಾಣುತ್ತಿತ್ತು.

"ನಿನ್ ಕಡಸುಗಳಿಗೆ ಅದೇನೋ ಪುಡಿ ಆಕ್ತೀಯಂತಲ್ಲ ರೂಪವ್ವ. ಸ್ವಾಮಿ ಅಂದ. ನಮ್ ಸಿಂಗಾರಿಗೂ ಒಂಚೂರು ಕೊಡವ್ವ. ಕಾರ್ತೀಕ ಬರೋದ್ರೊಳಗೆ ಮೈ ಇಡೀಲಿ."

ನನಗೆ ಹೆಮ್ಮೆಯೇ ಆಯಿತು. ನನ್ನ ಕಡಸು ನೋಡಿ ಕುದುರೆ ಸಾಕಿದ ಮನುಷ್ಯ ಕೇಳುತ್ತಿದ್ದಾರೆ. ಒಳಗೆ ಹೋಗಿ ಒಂದು ಚಮಚ ಪೇಪರಿನಲ್ಲಿ ಕಟ್ಟಿ ಕೊಟ್ಟೆ. ದಿನಕ್ಕೆ ಒಂದು ಚಿಟಿಕೆ ಹುರುಳಿಯ ಜೊತೆಗೆ ಕೊಡಿ ಅಂದೆ. ಸಿಂಗಾರಿ ನನ್ನ ಭುಜ ಮೂಸಿತು. ಬಾಯಿಯ ಬಿಸಿ ರವಿಕೆಯೊಳಗೆ ಇಳಿದ ಹಾಗಾಯಿತು.

ಮರಿಸಿದ್ದಯ್ಯ "ಪುಣ್ಯ ಬರ್ಲಿ" ಅಂದರು.

ಜುಲೈ 12

ಬೆಳ್ಳಿ ಬೆಳಿಗ್ಗೆಯಿಂದ ಕೂಗುತ್ತಿದೆ. ಬೆದೆ! ಗಬ್ಬದ ಇಂಜೆಕ್ಷನ್ನಿನವನಿಗೆ ಫೋನು ಮಾಡಿದೆ. ಬಂದು ಕೊಟ್ಟು ಹೋದ. ಬಹಳ ಖುಷಿ.

ಜುಲೈ 13

ಸಿಂಗಾರಿ ಹುಲ್ಲು ಮುಟ್ಟಿಲ್ಲ. ಹೊಟ್ಟೆನೋವು ಇರಬೇಕು ಅಂತ ದೇವಿರಮ್ಮ, ಮರಿಸಿದ್ದಯ್ಯನವರ ಹೆಂಡತಿ, ಓಮಕಾಳಿನ ಕಷಾಯ ಕುಡಿಸಿದರು. ಮಧ್ಯಾಹ್ನ ನಾನೂ ಹೋಗಿ ನೋಡಿದೆ. ತಂಪು ಗಾಳಿ ಬೀಸುತ್ತಿದ್ದರೂ ಕುದುರೆಯ ಮೈಯಿಂದ ಬೆವರು ಹನಿಯುತ್ತಿತ್ತು. ಹಿಂಗಾಲು ಇಡುವಾಗ ತಡವರಿಸುತ್ತಿತ್ತು.

"ಪುಡಿ ಕೊಡ್ತಾ ಇರಿ, ಸಕ್ತಿ ಬತ್ತದೆ" ಅಂತ ನಾನೇ ಹೇಳಿದೆ.

"ಎಲ್ಲಾ ಆಕ್ಬುಟ್ಟೆ ಕಣವ್ವ, ಮೊನ್ನೆ ರಾತ್ರೆ ಅರ್ಧ, ನೆನ್ನೆ ಅರ್ಧ. ಜಲ್ದಿ ಚೇತರಿಸ್ಕಳ್ಳಿ ಅಂತ" ಅಂದರು ಮರಿಸಿದ್ದಯ್ಯ.

ಇನ್ನೊಂದು ಚಮಚ ತರಲಾ ಅಂತ ಕೇಳಿದೆ. ನಾನು ಇದನ್ನೂ ಬರೆಯಬೇಕು. ಕೇಳಿದೆ. ಈಗ ಬಾಯಿಗೆ ಏನೂ ಹೋಗ್ತಿಲ್ಲ, ಆಮೇಲೆ ನೋಡೋಣ ಅಂದರು.

ಜುಲೈ 14

(ಮೇಲಿನ ಕೊನೆಯ ನಾಲ್ಕು ಸಾಲು ಇವತ್ತು ಸೇರಿಸಿದ್ದು.)

ಬೆಳಿಗ್ಗೆ ಸಿಂಗಾರಿ ನೆಲ ಹಿಡಿದಿತ್ತು. ಭಾನುವಾರವಾದರೂ ಮಂಡ್ಯದಿಂದ ಡಾಕ್ಟರ್ ಆಶ್ರಿತಾ ಸ್ಕೂಟರಿನಲ್ಲಿ ಬಂದರು. ಚಿಕ್ಕ ವಯಸ್ಸು, ಮೆಲ್ಲಗೆ ಮಾತಾಡುವವರು. ನಮ್ಮ ಹಳೆಯ ಹಸುವಿಗೂ ಅವರೇ ಬರುತ್ತಿದ್ದರು. ಎದೆಗೆ ಯಂತ್ರ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಕುದುರೆ ಉಚ್ಚೆ ಹೊಯ್ದದ್ದು ಕಾಫಿ ಡಿಕಾಕ್ಷನ್ ಬಣ್ಣ. ಅದನ್ನು ನೋಡಿ ತಲೆ ಎತ್ತಿದರು.

"ಇತ್ತೀಚೆಗೆ ಹೊಸದಾಗಿ ಏನು ತಿನ್ನಿಸಿದ್ರಿ?"

ಮರಿಸಿದ್ದಯ್ಯ ನನ್ನ ಕಡೆ ನೋಡಿದರು. ದೂರುವ ನೋಟವಲ್ಲ, ಹೇಳವ್ವ ಎನ್ನುವ ಹಾಗೆ. ನಾನು ಓಡಿಹೋಗಿ ಡಬ್ಬಿಯನ್ನೇ ತಂದು ಕೊಟ್ಟೆ. ಇದರಿಂದ ಉಪಕಾರವಾಗಬಹುದು ಎಂಬ ಯೋಚನೆ ಇನ್ನೂ ನನ್ನ ತಲೆಯಲ್ಲಿತ್ತು. ಅವರು ಮೂಸಿ, ಬೆರಳಲ್ಲಿ ಉಜ್ಜಿ, ಅಂಗಡಿಯವನಿಗೆ ನನ್ನ ಫೋನಿನಿಂದಲೇ ಮಾತಾಡಿದರು. ಹೆಸರು ಕೇಳಿಕೊಂಡರು. ಮೊನೆನ್ಸಿನ್. ಅದನ್ನು ಅವರು ಹೇಳಿದ ರೀತಿಯಲ್ಲೇ ನನಗೆ ಅರ್ಥವಾಗಿಹೋಯಿತು.

"ಹಸುಗಳಿಗೆ ಇದು ಒಳ್ಳೇದೇ ಅಮ್ಮ. ಮೇವು ಹೊಟ್ಟೆಯಲ್ಲಿ ಹುಳಿಯೋವಾಗ ವ್ಯರ್ಥ ಆಗೋದನ್ನ ತಪ್ಪಿಸುತ್ತೆ. ಅದಕ್ಕೇ ನಿಮ್ಮ ಕಡಸುಗಳು ಹಾಗೆ ಬೆಳೆದಿರೋದು. ಕುದುರೆಗೆ ಆಗಲ್ಲ. ಹೃದಯದ ಮಾಂಸವನ್ನೇ ತಿಂದುಹಾಕುತ್ತೆ."

"ಸೂಜಿ ಕೊಡಿ ತಾಯಿ" ಅಂದರು ಮರಿಸಿದ್ದಯ್ಯ.

"ಇದಕ್ಕೆ ಮದ್ದಿಲ್ಲ, ಅಜ್ಜ."

"ಯಾವ ಊರಲ್ಲೂ ಇಲ್ವಾ? ಬೆಂಗಳೂರಲ್ಲಿ?"

"ಎಲ್ಲೂ ಇಲ್ಲ."

ಆ ಹುಡುಗಿಯ ಕಣ್ಣು ತುಂಬಿತ್ತು. ನೀರಿನ ಬಾಟಲಿ ಏರಿಸಿದರು, ಏನೋ ವಿಟಮಿನ್ನು ಚುಚ್ಚಿದರು, ಹೊಟ್ಟೆಗೆ ಇದ್ದಿಲ ಪುಡಿ ಕಲಸಿ ಹೊಯ್ದರು. ಸುಮ್ಮನೆ ಇರಲಾರದೆ ಮಾಡುತ್ತಿದ್ದಾರೆ ಅಂತ ನನಗೂ ಗೊತ್ತಾಗುತ್ತಿತ್ತು. ದೇವಿರಮ್ಮ ನನ್ನ ಎದುರಿಗೆ ಬಂದು ನಿಂತರು.

"ನೀ ಕೊಟ್ಟೆ" ಅಂದರು. ಅಷ್ಟೇ.

ಜುಲೈ 16

ಬದುಕಿದೆ. ಮಲಗಿದೆ.

ಜುಲೈ 17

ಸ್ವಾಮಿ ಮದ್ದೂರಿಗೆ ಹೋಗಿ ಅಂಗಡಿಯವನ ಕೊರಳ ಪಟ್ಟಿ ಹಿಡಿದರಂತೆ. ಅವನು, "ಅಸೀಗೆ ಅಂತ ಕೇಳುದ್ರಿ, ಅಸೀಗೆ ಅಂತ ಕೊಟ್ಟೆ. ಕುದುರೆಗೆ ಆಕಿ ಅಂದ್ನಾ?" ಅಂದನಂತೆ. ಸುತ್ತ ನಿಂತವರು ಅವನು ಹೇಳುವುದೂ ಸರಿಯೇ ಅಂದರಂತೆ. ಚೀಲದ ಮೇಲೆ ಕುದುರೆಗೆ ಹಾಕಬಾರದು ಅಂತ ಬರೆದಿತ್ತೋ ಏನೋ, ಡಬ್ಬಿಗೆ ಸುರಿಯುವಾಗ ಅದು ಅಲ್ಲೇ ಉಳಿಯಿತು. ಸ್ವಾಮಿ ಮನೆಗೆ ಬಂದು ಕೈಕಾಲು ತೊಳೆದುಕೊಂಡರು. ಯಾರ ಮೇಲೆ ಕೂಗಾಡುವುದು ಅಂತ ಅವರಿಗೂ ತಿಳಿಯಲಿಲ್ಲ.

ಜುಲೈ 19

ಸಿಂಗಾರಿ ಎದ್ದು ನಿಂತಿತು!

ಮರಿಸಿದ್ದಯ್ಯ ಬೇಲಿಯ ಮೇಲಿಂದ ಕೂಗಿದರು. ನಾನು ಹಿಟ್ಟಿನ ಕೈಯಲ್ಲೇ ಓಡಿದೆ. ನಾಲ್ಕು ಕಾಲೂ ನಡುಗುತ್ತಿವೆ, ಆದರೂ ನಿಂತಿದೆ. ದೇವಿರಮ್ಮ ನನ್ನನ್ನು ಒಳಗೆ ಬರಬೇಡ ಅನ್ನಲಿಲ್ಲ. ಬಾ ಅಂತಲೂ ಅನ್ನಲಿಲ್ಲ.

ಡಾಕ್ಟರು ಮತ್ತೆ ಬಂದು ಎದೆ ಕೇಳಿದರು. ಅವರ ಮುಖ ಅರಳಲಿಲ್ಲ. ಹೃದಯ ಹಾಳಾಗಿದೆ, ಹಾಳಾದದ್ದು ಮತ್ತೆ ಬೆಳೆಯುವುದಿಲ್ಲ ಅಂದರು. ಭಾರ ಹೊರಿಸಬೇಡಿ, ಓಡಿಸಬೇಡಿ, ಹೆದರಿಸಬೇಡಿ. ಹಾಗಿದ್ದರೆ ಒಂದಷ್ಟು ಕಾಲ ಇರಬಹುದು.

"ಎಷ್ಟು ಕಾಲ?"

"ಗೊತ್ತಿಲ್ಲ ಅಜ್ಜ. ನಿಂತಲ್ಲೇ ಹೋಗಬಹುದು. ವರ್ಷಗಟ್ಟಲೆ ಇರಲೂಬಹುದು."

ಆಗಸ್ಟ್ 5

ದಿನಾ ಬೆಳಿಗ್ಗೆ ಒಂದು ಹೊರೆ ಎಳೆ ಹುಲ್ಲು ಕೊಯ್ದು ಸಿಂಗಾರಿಗೆ ಹಾಕಿ ಬರುತ್ತೇನೆ. ಆಮೇಲೆ ನಮ್ಮವಕ್ಕೆ. ಹೋಗದಿದ್ದರೆ ಕೈ ಸುಮ್ಮನಿರುವುದಿಲ್ಲ.

ಇವತ್ತು ಧೈರ್ಯ ಮಾಡಿ ಹೇಳಿದೆ. "ಅಜ್ಜ, ಚುಕ್ಕೀನ ನೀವು ಇಟ್ಕಳಿ. ಡಿಸೆಂಬರ್‌ಗೆ ಕರು ಹಾಕ್ತದೆ. ಆಲು ಡೈರಿಗೆ ಹಾಕ್ಬೋದು."

ಅವರು ಚುಕ್ಕಿಯ ಕಡೆ ನೋಡಿದರು. ಆಮೇಲೆ ನಕ್ಕರು. ಆ ದಿನದಿಂದ ಮೊದಲ ಸಲ ನಕ್ಕಿದ್ದು.

"ಮದ್ವೆ ಗಂಡ್ನ ಅಸೀನ ಮೇಲೆ ಕುಂಡ್ರಿಸ್ಲಾ?"

ನನಗೂ ನಗು ಬಂತು. ಬಂದ ಮೇಲೆ ನಿಲ್ಲಲಿಲ್ಲ, ಅಳುವಾಗಿಹೋಯಿತು. ಅವರು ನನ್ನನ್ನು ಸಮಾಧಾನ ಮಾಡಲಿಲ್ಲ. ಕುದುರೆಯ ಗೊರಸಿನ ಮಣ್ಣು ಕೆರೆಯುತ್ತ ಕುಳಿತರು.

ಸೆಪ್ಟೆಂಬರ್ 15

ಸ್ವಾಮಿ ಬೈದರು. ಪುಡಿ ನಿಲ್ಲಿಸಿ ಎರಡು ತಿಂಗಳಾಯಿತು, ಬೆಳ್ಳಿ ಸೊರಗುತ್ತಿದ್ದಾಳೆ, ಮೊದಲ ಇಂಜೆಕ್ಷನ್ ನಿಂತಿಲ್ಲ, ಮತ್ತೆ ಬೆದೆಗೆ ಬಂದಿದ್ದಾಳೆ ಅಂತ. "ಡಾಕ್ಟ್ರೇ ಅಸೀಗೆ ಒಳ್ಳೇದು ಅಂದವ್ರೆ. ನಿಂದೇನು ಹಟ?" ಹೊಸ ಡಬ್ಬಿ ತಂದಿಟ್ಟಿದ್ದಾರೆ, ಈ ಸಲ ಕಂಪನಿಯ ಮೊಹರು ಇರುವುದು.

ಹಟ ಅಲ್ಲ. ಮುಚ್ಚಳ ತೆಗೆದರೆ ಕೈ ಮುಂದಕ್ಕೆ ಹೋಗುವುದಿಲ್ಲ. ಹಾಕಿದ್ದೇನೆ ಅಂತ ಸುಳ್ಳು ಹೇಳಿದೆ.

ಟೇಪು ಎಲ್ಲಿಟ್ಟೆನೋ ನೆನಪಿಲ್ಲ.

ಅಕ್ಟೋಬರ್ 13

ವಿಜಯದಶಮಿಗೆ ವೀಣ, ಮೈದುನ ಬಂದಿದ್ದರು. ಹಬ್ಬದ ಅಡುಗೆ ಮುಗಿಸಿ ಸಿಂಗಾರಿಗೆ ನೀರಿಡಲು ಹೋದವಳು ಅಲ್ಲೇ ನಿಂತುಬಿಟ್ಟೆ. ಸೊಳ್ಳೆಗಳು ಅದರ ಮೈಗೆಲ್ಲ ಮುತ್ತಿಕೊಂಡಿದ್ದವು, ಬೇವಿನ ಸೊಪ್ಪಿನ ಹೊಗೆ ಹಾಕಿದೆ. ದೇವಿರಮ್ಮ ತಟ್ಟೆಯಲ್ಲಿ ಒಬ್ಬಟ್ಟು ತಂದು ನನ್ನ ಕೈಗಿಟ್ಟರು. ತಿಂದೆ. ಮನೆಗೆ ಬರುವ ಹೊತ್ತಿಗೆ ವೀಣ ಹೊರಟುಹೋಗಿದ್ದಳು. ಹಾಲಿನ ವಿಷಯ ಏನೋ ಹೇಳಿದಳಂತೆ, ಅರ್ಪಿತ ಹೇಳಿದಳು. ಕೇಳಿಸಿಕೊಳ್ಳಲಿಲ್ಲ.

ನವೆಂಬರ್ 18

ಮಳವಳ್ಳಿಯಿಂದ ಫೋನು ಬಂದಿದೆ, ಮರಿಸಿದ್ದಯ್ಯನವರಿಗೆ. ಇಪ್ಪತ್ತೆಂಟಕ್ಕೆ ಮದುವೆ. ವೈಶಾಖದಲ್ಲೇ ಮಾತು ಕೊಟ್ಟಿದ್ದರಂತೆ.

"ಬ್ಯಾಡಿ ಅಜ್ಜ. ಡಾಕ್ಟ್ರು ಏನಂದ್ರು?"

"ಕುಂಡ್ರುಸಾಕಿಲ್ಲ ಕಣವ್ವ. ಗಂಡು ಪಕ್ಕದಲ್ಲಿ ನಡೀತಾನೆ, ಇದು ಸಿಂಗಾರ ಮಾಡ್ಕಂಡು ಜೊತೇಲಿ ನಡೀತದೆ. ಅವ್ರಿಗೆ ಎಲ್ಲಾ ಯೋಳಿವ್ನಿ, ಒಪ್ಕಂಡವ್ರೆ."

"ಬೇರೆ ಕುದ್ರೆ ಗೊತ್ಮಾಡಿ ಕೊಡಿ."

ಅವರು ಸಿಂಗಾರಿಯ ಕಡೆ ತಿರುಗಿದರು. "ಅದು ಎಷ್ಟು ದಿವ್ಸ ಗ್ವಾಡೆ ನೋಡ್ಕಂಡು ನಿಂತ್ಕಬೇಕು ರೂಪವ್ವ? ನಾನೂ ಎಷ್ಟು ದಿವ್ಸ ಅದುನ್ನ ನೋಡ್ಕಂಡು ನಿಂತ್ಕಬೇಕು?"

ದೇವಿರಮ್ಮ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. "ನೀನೂ ಜೊತೇಗೆ ಓಗು" ಅಂತ ನನಗೆ ಹೇಳಿದರು. ಆವತ್ತಿನಿಂದ ಅವರು ನನಗೆ ಹೇಳಿದ ಎರಡನೆಯ ಮಾತು.

ನವೆಂಬರ್ 29

ನಿನ್ನೆ ಬರೆಯಲಾಗಲಿಲ್ಲ. ಇವತ್ತು ಬರೆದುಬಿಡುತ್ತೇನೆ.

ಪಿಕಪ್ ಗಾಡಿಯಲ್ಲಿ ಹೋದೆವು. ಸಿಂಗಾರಿಯ ಜೊತೆ ಹಿಂದೆ ಮರಿಸಿದ್ದಯ್ಯ ನಿಂತಿದ್ದರು, ನಾನು ಚಾಲಕನ ಪಕ್ಕ. ಹಳ್ಳ ಬಂದಾಗಲೆಲ್ಲ ನಿಧಾನ ಕಣಪ್ಪ ಅಂತ ಅವನಿಗೆ ಹೇಳುತ್ತಲೇ ಇದ್ದೆ. ಮಳವಳ್ಳಿಯ ಛತ್ರಕ್ಕೆ ಸ್ವಲ್ಪ ದೂರದಲ್ಲಿ ಇಳಿಸಿ ಕೆಂಪು ವಸ್ತ್ರ ಹೊದಿಸಿದರು, ಹಣೆಗೆ ಮಣಿ ಕಟ್ಟಿದರು. ಸಿಂಗಾರಿ ಕಿವಿ ನೆಟ್ಟಗೆ ಮಾಡಿತು. ಇಷ್ಟು ತಿಂಗಳಲ್ಲಿ ಅದು ಹಾಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

ಗಂಡಿನ ಹೆಸರು ರಘುನಂದನ್. ಅವನ ಸೋದರಮಾವ ಬಂದು, "ಏನಜ್ಜ, ಕುದ್ರೆ ತರ್ಸಿ ಗಂಡ್ನ ನಡ್ಸದಾ? ಅತ್ತುಸು" ಅಂದ. ಒಪ್ಪಿಕೊಂಡವರು ಬೇರೆ ಯಾರೋ, ಇವನಿಗೆ ಏನೂ ಗೊತ್ತಿಲ್ಲ. ಮರಿಸಿದ್ದಯ್ಯ ಕೈ ಮುಗಿದು ಹೇಳಿದರು. ಕುಡಿದಿದ್ದ ಒಂದಿಬ್ಬರು ಹುಡುಗರು ಗಂಡನ್ನು ಎತ್ತಿಯೇ ಬಿಟ್ಟರು. ನಾನು ಗಂಟಲು ಹರಿಯುವ ಹಾಗೆ ಕೂಗಿದೆ.

"ಅದ್ರ ಎದೆ ಒಡ್ದೋಗದೆ! ಕೂರ್ಬ್ಯಾಡಿ! ಸತ್ತೋಯ್ತದೆ!"

ಮದುವೆ ದಿಬ್ಬಣದಲ್ಲಿ ಸಾವಿನ ಮಾತು. ಎಲ್ಲರೂ ನನ್ನ ಕಡೆ ತಿರುಗಿದರು. ಯಾರೋ ಹೆಂಗಸು ಅಪಶಕುನದ ಮುಂಡೆ ಅಂದಳು. ಆದರೆ ಆ ಹುಡುಗ ರಘುನಂದನ್ ಅವರ ಕೈ ಬಿಡಿಸಿಕೊಂಡು ಇಳಿದ. ಪೇಟ ಸರಿಮಾಡಿಕೊಂಡು, "ನಡೀರಿ, ನಾನೂ ನಡೀತೀನಿ" ಅಂದ. ಕುದುರೆಯ ಕೊರಳು ಸವರಿದ. ಅವನು ಚೆನ್ನಾಗಿರಲಿ.

ಗೆದ್ದೆ ಅಂದುಕೊಂಡೆ. ಆಗ ತಮಟೆ ಶುರುವಾಯಿತು.

ಸಿಂಗಾರಿ ತಮಟೆಗೆ ಕುಣಿಯಲು ಕಲಿತ ಕುದುರೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಅದನ್ನು ಬರೀ ಹಿತ್ತಲಲ್ಲಿ ನೋಡಿದವಳು. ಮೊದಲು ಒಂದು ಮುಂಗಾಲು ಎತ್ತಿತು. ಆಮೇಲೆ ಇನ್ನೊಂದು. ಕೊರಳು ಬಿಲ್ಲಿನ ಹಾಗೆ ಬಾಗಿತು. ಜನ ಶಿಳ್ಳೆ ಹಾಕಿದರು. ಮರಿಸಿದ್ದಯ್ಯ ಹಗ್ಗಕ್ಕೆ ಜೋತುಬಿದ್ದು, "ಬ್ಯಾಡ ಕಣೆ, ಬ್ಯಾಡ ನನ್ನವ್ವ, ಯಾರೂ ಕೇಳ್ಲಿಲ್ಲ ನಿನ್ನ" ಅನ್ನುತ್ತಿದ್ದರು. ನಾನು ತಮಟೆಯವರ ಕೈ ಹಿಡಿದುಕೊಂಡೆ. ಒಬ್ಬ ನಿಲ್ಲಿಸಿದ, ಇನ್ನೊಬ್ಬ ನಿಲ್ಲಿಸಿದ, ಹಿಂದಿನವರಿಗೆ ಗೊತ್ತಾಗಲಿಲ್ಲ. ಕೊನೆಗೆ ರಘುನಂದನ್ ಎರಡೂ ಕೈ ಮೇಲೆತ್ತಿದಾಗ ಎಲ್ಲ ನಿಂತಿತು.

ಸದ್ದೇ ಇಲ್ಲದ ಬೀದಿಯಲ್ಲಿ ಅದು ಇನ್ನೂ ಸ್ವಲ್ಪ ಹೊತ್ತು ಕುಣಿಯಿತು. ಗೊರಸಿನ ಸದ್ದು ಮಾತ್ರ. ಆಮೇಲೆ ಮಂಡಿಯೂರಿತು, ಕೂರಲು ಹೊರಟ ಹಾಗೆ. ಪಕ್ಕಕ್ಕೆ ಒರಗಿತು. ಮರಿಸಿದ್ದಯ್ಯ ಅದರ ತಲೆಯನ್ನು ತೊಡೆಯ ಮೇಲೆ ಹಾಕಿಕೊಳ್ಳುವ ಹೊತ್ತಿಗೆ ಮುಗಿದಿತ್ತು.

ನಾನು ಪಕ್ಕದಲ್ಲಿ ಕುಳಿತು ಹಣೆಯ ಮಣಿ ಬಿಚ್ಚಿದೆ. ಮಾಡಲು ಬೇರೇನೂ ಇರಲಿಲ್ಲ.

ಡಿಸೆಂಬರ್ 4

ಸಿಂಗಾರಿಯನ್ನು ಅಲ್ಲೇ ಮಳವಳ್ಳಿ ಹತ್ತಿರ ಮರಿಸಿದ್ದಯ್ಯನವರ ಅಳಿಯನ ಹೊಲದಲ್ಲಿ ಹೂಳಿದರು. ಅವರು ಊರಿಗೆ ಬಂದಿದ್ದಾರೆ. ಬೆಳಿಗ್ಗೆ ಹುಲ್ಲು ಕೊಯ್ದೆ. ಹೊರೆ ಹೊತ್ತು ಅವರ ಹಿತ್ತಲಿನವರೆಗೂ ಹೋದ ಮೇಲೆ ನೆನಪಾಯಿತು.

ಡಿಸೆಂಬರ್ 17

ಚುಕ್ಕಿ ಕರು ಹಾಕಿದಳು. ಹೆಣ್ಣು. ಬೆಳಿಗ್ಗೆಯಿಂದ ತಿಣುಕಿದರೂ ಕರು ಬರಲಿಲ್ಲ, ಒಂದು ಕಾಲು ಒಳಗೇ ಮಡಿಸಿಕೊಂಡಿತ್ತು. ಡಾಕ್ಟರು ಕೊಕ್ಕರೆ ಬೆಳ್ಳೂರಿನಲ್ಲಿದ್ದರು, ಬರಲು ಹೊತ್ತಾಗುತ್ತದೆ ಅಂದರು. ಸ್ವಾಮಿ ಕೆಲಸಕ್ಕೆ ಹೋಗಿದ್ದರು. ನಾನು ಕೊಟ್ಟಿಗೆಯಲ್ಲಿ ಒಬ್ಬಳೇ ಕೈ ಹಿಸುಕಿಕೊಳ್ಳುತ್ತ ನಿಂತಿದ್ದೆ. ಯಾರನ್ನೂ ಕರೆದಿರಲಿಲ್ಲ. ಚುಕ್ಕಿಯ ಕೂಗು ಕೇಳಿ ಮರಿಸಿದ್ದಯ್ಯ ಬೇಲಿ ದಾಟಿ ಬಂದರು, ಅವರ ಹಿಂದೆ ದೇವಿರಮ್ಮ ಬಿಸಿನೀರು ಹಿಡಿದು. ಡಾಕ್ಟರಿಗೆ ಫೋನು ಹಚ್ಚಿ ಸ್ಪೀಕರಿನಲ್ಲಿ ಇಟ್ಟೆ. ಅವರು ಹೇಳಿದ ಹಾಗೆ ಮರಿಸಿದ್ದಯ್ಯ ಕೈ ಹಾಕಿ ಕಾಲು ಬಿಡಿಸಿದರು. ಮೂವರೂ ಸೇರಿ ಎಳೆದೆವು.

ಕರು ನೆಲಕ್ಕೆ ಬಿದ್ದು ಸುಮ್ಮನಿತ್ತು. ಮರಿಸಿದ್ದಯ್ಯ ಮೂಗಿನ ಲೋಳೆ ತೆಗೆದು ಎದೆಗೆ ಕಿವಿಯಿಟ್ಟು ಕೇಳಿದರು. ಬಹಳ ಹೊತ್ತು ಹಾಗೇ ಇದ್ದರು.

"ಅಜ್ಜ?"

"ಐತೆ, ಐತೆ" ಅಂದರು. ಆದರೂ ಕಿವಿ ತೆಗೆಯಲಿಲ್ಲ.

ಡಿಸೆಂಬರ್ 29

ಮರಿಸಿದ್ದಯ್ಯ ಈಗ ದಿನಾ ಬರುತ್ತಾರೆ, ಕರು ನೋಡುವ ನೆಪದಲ್ಲಿ. ಇವತ್ತು ಚುಕ್ಕಿಯ ಪಕ್ಕೆ ಮುಟ್ಟಿ ನೋಡಿ, "ಕರಿಯೋ ಅಸ. ಸೊರಗ್ತಾ ಐತೆ. ಏನಾಕ್ತೀಯ?" ಅಂದರು.

"ಉಲ್ಲು, ಬೂಸಾ, ಇಂಡಿ."

"ಆ ಪುಡಿ?"

ಇಲ್ಲ ಅಂತ ತಲೆ ಅಲ್ಲಾಡಿಸಿದೆ.

"ತಗಂಬಾ."

"ಬ್ಯಾಡಿ ಅಜ್ಜ."

"ತಗಂಬಾ ಅಂದ್ರೆ. ಇವೇನ್ ಮಾಡ್ದೋ ನಿಂಗೆ?"

ಮೊಹರು ಒಡೆದ ಡಬ್ಬಿ ತಂದೆ. ನಾನು ಮುಚ್ಚಳ ತೆಗೆಯದ್ದನ್ನು ನೋಡಿ ಅವರೇ ಕಸಿದುಕೊಂಡರು. ಎರಡು ಬೆರಳಲ್ಲಿ ಒಂದು ಚಿಟಿಕೆ ಎತ್ತಿ, ಬೂಸಾಗೆ ಹಾಕಿ, ಅಂಗೈಯಲ್ಲಿ ಚೆನ್ನಾಗಿ ಕಲಸಿದರು. ಚುಕ್ಕಿಯ ಮುಂದೆ ಬಾನಿ ತಳ್ಳಿದರು. ಅವಳು ತಲೆ ಎತ್ತದೆ ತಿಂದಳು.

ಏನೂ ಆಗುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಆದರೂ ಅವರು ಮನೆಗೆ ಹೋಗಲಿಲ್ಲ, ನಾನೂ ಒಳಗೆ ಹೋಗಲಿಲ್ಲ. ಕೊಟ್ಟಿಗೆಯ ಕಟ್ಟೆಯ ಮೇಲೆ ಕುಳಿತೆವು. ಮೈಸೂರು ಕಡೆಯ ರೈಲು ಹೋಯಿತು. ಬಿಸಿಲು ಇಳಿಯಿತು. ದೇವಿರಮ್ಮನೂ ಬಂದು ಕುಳಿತರು. ಚುಕ್ಕಿ ಮೆಲುಕು ಹಾಕುತ್ತ ನಿಂತಿದ್ದಳು. ಮೂವರೂ ಅವಳ ಪಕ್ಕೆ ಏರಿ ಇಳಿಯುವುದನ್ನೇ ನೋಡುತ್ತಿದ್ದೆವು.